ಅಪ್ಪ ಓಡಿಸಬಹುದು, ನಾನು ಓಡಿಸುವಂತಿಲ್ಲ

ಅಪ್ಪ ಸಕಲೇಶಪುರದಿಂದ ಜರ್ಮನಿಗೆ ಬಂದ ಮೂರನೆಯ ಬೆಳಿಗ್ಗೆ. ಕಾಫಿ ಕುಡಿಯುತ್ತಾ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದ ಕಾರಿನ ಕೀಯನ್ನೇ ನೋಡುತ್ತಿದ್ದರು. ಕಿಟಕಿಯಿಂದ ಬಗ್ಗಿದರೆ ಕೆಳಗೆ ರಸ್ತೆಯಂಚಿನಲ್ಲಿ ಕಾರು ನಿಂತಿತ್ತು. ವಾರಗಟ್ಟಲೆ ಅಲುಗಾಡದೆ ನಿಂತು, ಮೇಲಿನ ಮರದಿಂದ ಉದುರಿದ ಅಂಟಿಗೆ ಗಾಜು ಮಂಕಾಗಿತ್ತು.

"ಅಲ್ಲ ಮಗಾ, ಗಾಡಿ ಇಟ್ಕೊಂಡು ಬಸ್ಸಲ್ಲಿ ಯಾಕೆ ಓಡಾಡ್ತೀಯ?"

"ನನ್ನ ಲೈಸೆನ್ಸ್ ಇಲ್ಲಿ ನಡೆಯಲ್ಲ ಅಪ್ಪ. ಆರು ತಿಂಗಳು ಮುಗೀತು."

"ಮತ್ತೆ ನಂದು?"

"ನಿಮ್ಮದು ನಡೆಯುತ್ತೆ."

ಅಪ್ಪ ಲೋಟ ಕೆಳಗಿಟ್ಟರು. ಅವರಿಗೆ ಅರವತ್ತಾರು. ಕಾಫಿ ತೋಟದಲ್ಲಿ ರೈಟರ್ ಆಗಿ ಮೂವತ್ತು ವರ್ಷ ಕೆಲಸ ಮಾಡಿದವರು, ತೋಟದ ಜೀಪನ್ನು ಮಳೆಗಾಲದ ಶಿರಾಡಿ ಘಾಟಿಯಲ್ಲಿ ಮಂಗಳೂರಿನವರೆಗೆ ಇಳಿಸಿ ಹತ್ತಿಸಿದವರು. ನಾನು ಬೆಂಗಳೂರಿನಲ್ಲಿ 13 ವರ್ಷ ಕಾರು ಓಡಿಸಿದ್ದೇನೆ. ನಮ್ಮಿಬ್ಬರ ಹತ್ತಿರವೂ ಇರುವುದು ಒಂದೇ ರಾಜ್ಯದ, ಒಂದೇ ಬಗೆಯ ಕಾರ್ಡು. ಆದರೂ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್ ಎಂಬ ಈ ಊರಿನಲ್ಲಿ, ಮೊನ್ನೆ ವಿಮಾನ ಇಳಿದ ಅಪ್ಪ ಕಾನೂನಿನ ಪ್ರಕಾರ ಸ್ಟಿಯರಿಂಗ್ ಹಿಡಿಯಬಹುದು. ಏಳು ತಿಂಗಳಿಂದ ಇಲ್ಲೇ ಸಂಸಾರ ಮಾಡಿಕೊಂಡು, ಬೀದಿ ಬೀದಿಯ ಬೋರ್ಡನ್ನೂ ಓದಿ ಗೊತ್ತಿರುವ ನಾನು ಹಿಡಿಯುವಂತಿಲ್ಲ. ಹಿಡಿದರೆ ದಂಡ ಕಟ್ಟಿ ಮುಗಿಸುವ ವಿಷಯವೂ ಅಲ್ಲ. ಲೈಸೆನ್ಸಿಲ್ಲದೆ ವಾಹನ ಓಡಿಸುವುದು ಜರ್ಮನಿಯಲ್ಲಿ ಕ್ರಿಮಿನಲ್ ಅಪರಾಧ, ಒಂದು ವರ್ಷದವರೆಗೆ ಜೈಲು ಆಗಬಹುದು. ಗೊತ್ತಿದ್ದೂ ಗಾಡಿ ಕೊಟ್ಟ ಮಾಲೀಕನಿಗೂ ಅದೇ ಶಿಕ್ಷೆ.

ಈ ವ್ಯತ್ಯಾಸ ಹಲವರಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಓಡಿಸುತ್ತಿರುವವರು ನಮ್ಮವರಲ್ಲೇ ಇದ್ದಾರೆ ಎಂಬ ಕಾರಣಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕಾನೂನಿನ ಕಣ್ಣಿಗೆ ಪರದೇಶದಲ್ಲಿ ಎರಡು ಬಗೆಯ ಜನ. ಒಬ್ಬರು ನೆಂಟರು, ಇನ್ನೊಬ್ಬರು ಒಕ್ಕಲು ಬಂದವರು. ನೆಂಟರಾಗಿ ಬಂದವರು ತಮ್ಮ ದೇಶದ ಲೈಸೆನ್ಸಿನಲ್ಲೇ ಓಡಿಸಬಹುದು. ಜೊತೆಗೆ ಅದರ ಜರ್ಮನ್ ಅನುವಾದ ಅಥವಾ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ ಇರಬೇಕು. ಒಕ್ಕಲು ಬಂದವರಿಗೆ ವಾಸ ಶುರುವಾದ ದಿನದಿಂದ ಆರು ತಿಂಗಳ ಗಡುವು. ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಇರುವುದಿಲ್ಲ ಎಂದು ತೋರಿಸಿಕೊಟ್ಟರೆ ಗಡುವು ವಿಸ್ತರಿಸಿಕೊಡುವುದುಂಟು. ಅದು ಬಿಟ್ಟರೆ ಆರು ತಿಂಗಳಾದ ಮಾರನೆಯ ದಿನ ನಮ್ಮೂರಿನ ಕಾರ್ಡು ಇಲ್ಲಿ ಬರೀ ಪ್ಲಾಸ್ಟಿಕ್. ಕಾರ್ಡಿನ ಮೇಲೆ 2034ರವರೆಗೆ ಚಾಲ್ತಿ ಎಂದು ಅಚ್ಚಾಗಿದ್ದರೂ ಅಷ್ಟೇ.

ಎಲ್ಲ ದೇಶದವರಿಗೂ ಹೀಗಿಲ್ಲ. ಯಾವ ಯಾವ ದೇಶದ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಬದಲಾಯಿಸಿಕೊಡಬಹುದು ಎಂದು ಜರ್ಮನ್ ನಿಯಮಗಳಲ್ಲಿ ಒಂದು ಪಟ್ಟಿಯಿದೆ. ಜಪಾನ್, ದಕ್ಷಿಣ ಕೊರಿಯಾ, ದಕ್ಷಿಣ ಆಫ್ರಿಕಾ, ಅಮೆರಿಕದ ಹಲವು ರಾಜ್ಯಗಳು ಅದರಲ್ಲಿವೆ. ಭಾರತ ಇಲ್ಲ. ಹಾಗಾಗಿ ನನ್ನ ಜೊತೆ ಕೆಲಸ ಮಾಡುವ ಕೊರಿಯಾದ ಹುಡುಗನಿಗೆ ಅರ್ಜಿ ಕೊಟ್ಟು ಕಾರ್ಡು ಬದಲಾಯಿಸಿಕೊಂಡರೆ ಮುಗಿಯಿತು. ನನಗೆ ಬರವಣಿಗೆಯ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡೂ ಆಗಬೇಕು. ಹೊಸದಾಗಿ ಕಲಿಯುವ ಹದಿನೆಂಟರ ಹುಡುಗರಿಗೂ ನನಗೂ ಇದ್ದ ವ್ಯತ್ಯಾಸ ಒಂದೇ: ಇಂತಿಷ್ಟು ಪಾಠ ಕಡ್ಡಾಯ ಎಂಬ ನಿಯಮ ನನಗಿರಲಿಲ್ಲ.

ಮೊದಲು ಇದು ಅವಮಾನ ಎನಿಸಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರೂವರೆಗೆ ಕಾರು ದಾಟಿಸಿದವರಿಗೆ ಇನ್ನೇನು ಪರೀಕ್ಷೆ ಬೇಕು ಎಂದು ಮನೆಯಲ್ಲಿ ವಾದ ಮಾಡಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಯಾಕೆ ಎನ್ನುವುದಕ್ಕೆ ಆ ಪರೀಕ್ಷೆಯ ದಾರಿಯನ್ನೇ ಹೇಳಬೇಕು.

ಅದಕ್ಕೂ ಮೊದಲು ಐಡಿಪಿ ಬಗ್ಗೆ ಎರಡು ಮಾತು, ಏಕೆಂದರೆ ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಇನ್ನಾವುದರ ಬಗ್ಗೆಯೂ ಇಲ್ಲ. ಜನ ಅದನ್ನು ಇಂಟರ್‌ನ್ಯಾಷನಲ್ ಲೈಸೆನ್ಸ್ ಎನ್ನುತ್ತಾರೆ. ಅದು ಲೈಸೆನ್ಸೇ ಅಲ್ಲ. ನಮ್ಮ ಲೈಸೆನ್ಸಿನಲ್ಲಿ ಏನಿದೆ ಎಂದು ಬೇರೆ ಬೇರೆ ಭಾಷೆಗಳಲ್ಲಿ ಹೇಳುವ ಒಂದು ಪುಟ್ಟ ಪುಸ್ತಕ. ಮೂಲ ಕಾರ್ಡು ಜೇಬಿನಲ್ಲಿಲ್ಲದಿದ್ದರೆ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. 1926ರ ಪ್ಯಾರಿಸ್, 1949ರ ಜಿನೀವಾ, 1968ರ ವಿಯೆನ್ನಾ ಒಪ್ಪಂದಗಳಿಂದ ಈ ವ್ಯವಸ್ಥೆ ಬೆಳೆದು ಬಂತು. ನಮ್ಮಲ್ಲಿ ಕೊಡುವುದು ಆರ್‌ಟಿಒ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನಮೂನೆ 4ಎ ತುಂಬಿ, 1,000 ರೂಪಾಯಿ ಶುಲ್ಕ ಕಟ್ಟಿ, ಲೈಸೆನ್ಸು ಮತ್ತು ಪಾಸ್‌ಪೋರ್ಟ್ ತೋರಿಸಿದರೆ ಒಂದು ವರ್ಷಕ್ಕೆ ಕೊಡುತ್ತಾರೆ. ಮೊದಲು ರಾಜ್ಯಕ್ಕೊಂದು ರೂಪದಲ್ಲಿದ್ದದ್ದನ್ನು 2022ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಒಂದೇ ಮಾದರಿಗೆ ತಂದಿತು, ಕ್ಯುಆರ್ ಕೋಡ್ ಸೇರಿಸಿತು. ಅಪ್ಪನದು ಊರಿನಲ್ಲೇ ಆಯಿತು. ಅಂತರ್ಜಾಲದಲ್ಲಿ ಡಾಲರ್ ಲೆಕ್ಕದಲ್ಲಿ ಹತ್ತು ವರ್ಷದ ಅಂತರರಾಷ್ಟ್ರೀಯ ಲೈಸೆನ್ಸ್ ಕೊಡುತ್ತೇವೆ ಎನ್ನುವವರಿದ್ದಾರೆ. ಅವರ ಕಾಗದ ಪೊಲೀಸರ ಮುಂದೆ ನಿಲ್ಲುವುದಿಲ್ಲ. ಇನ್ನೊಂದು ವಿಷಯ. ಎಲ್‌ಎಲ್‌ಆರ್ ಹಿಡಿದುಕೊಂಡು ಬಂದರೆ ಇಲ್ಲಿ ಉಪಯೋಗವಿಲ್ಲ. ಇಲ್ಲಿ ನೆಲೆಸಿದ ಮೇಲೆ ರಜೆಗೆ ಊರಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಬಂದರೂ ಒಪ್ಪುವುದಿಲ್ಲ.

ಈಗ ಪರೀಕ್ಷೆಗೆ ಬರುತ್ತೇನೆ. ಅರ್ಜಿ ಹಾಕುವುದಕ್ಕೇ ಕಣ್ಣಿನ ತಪಾಸಣೆಯ ಚೀಟಿ ಬೇಕು, ಪ್ರಥಮ ಚಿಕಿತ್ಸೆಯ ತರಬೇತಿಯ ಪ್ರಮಾಣಪತ್ರ ಬೇಕು. ಪ್ರಥಮ ಚಿಕಿತ್ಸೆಯೆಂದರೆ ಇಡೀ ಒಂದು ದಿನದ ಪಾಠ. ಒಂದು ಶನಿವಾರ ನಾನು ಹದಿನೇಳು ಹದಿನೆಂಟರ ಹನ್ನೆರಡು ಮಕ್ಕಳ ನಡುವೆ ಕುಳಿತು, ರಬ್ಬರಿನ ಬೊಂಬೆಯ ಎದೆ ಒತ್ತುವುದನ್ನು, ಹೆಲ್ಮೆಟ್ ಹಾಕಿರುವ ಗಾಯಾಳುವಿನ ತಲೆಯಿಂದ ಕತ್ತು ಅಲುಗದ ಹಾಗೆ ಅದನ್ನು ತೆಗೆಯುವುದನ್ನು ಕಲಿತೆ. ಇಬ್ಬರು ಸೇರಿ ಮಾಡಬೇಕು, ಒಬ್ಬರು ಕತ್ತು ಹಿಡಿಯಬೇಕು, ಇನ್ನೊಬ್ಬರು ಎಳೆಯಬೇಕು. ಬೆಂಗಳೂರಿನಲ್ಲಿ 13 ವರ್ಷ ಓಡಿಸಿದ ನನಗೆ, ಕಣ್ಣೆದುರು ಎಷ್ಟೋ ಬೈಕು ಬಿದ್ದದ್ದನ್ನು ನೋಡಿದ ನನಗೆ, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆ ದಿನ ಸಂಜೆ ಮನೆಗೆ ಬರುವಾಗ ಅವಮಾನದ ಮಾತು ಅರ್ಧ ಕರಗಿತ್ತು.

ಬರವಣಿಗೆಯ ಪರೀಕ್ಷೆಯಲ್ಲಿ 30 ಪ್ರಶ್ನೆ. ಅವು ಬರುವುದು ಸಾವಿರಕ್ಕೂ ಹೆಚ್ಚು ಪ್ರಶ್ನೆಗಳ ಭಂಡಾರದಿಂದ. ಪ್ರತಿ ಪ್ರಶ್ನೆಗೂ ತೂಕವಿದೆ; ತಪ್ಪಿನ ಅಂಕ ಒಟ್ಟು 10 ದಾಟಿದರೆ ಫೇಲು. ಜೀವಕ್ಕೆ ಸಂಬಂಧಿಸಿದ ಐದಂಕದ ಪ್ರಶ್ನೆ ಎರಡು ತಪ್ಪಿದರೂ ಫೇಲು. ಜರ್ಮನ್ ಬಿಟ್ಟು ಇಂಗ್ಲಿಷ್, ಟರ್ಕಿಶ್, ಅರೇಬಿಕ್ ಸೇರಿ ಇನ್ನೂ 12 ಭಾಷೆಗಳಲ್ಲಿ ಬರೆಯಬಹುದು. ಭಾರತದ ಭಾಷೆ ಯಾವುದೂ ಇಲ್ಲ. ನಾನು ಇಂಗ್ಲಿಷಿನಲ್ಲಿ ಬರೆದೆ. ಆದರೆ ರಸ್ತೆಯ ಪರೀಕ್ಷೆಗೆ ಆ ಅನುಕೂಲವಿಲ್ಲ, ಅದು ಜರ್ಮನ್ ಭಾಷೆಯಲ್ಲೇ. ಎಡಕ್ಕೆ, ಬಲಕ್ಕೆ, ಮುಂದಿನ ಅವಕಾಶದಲ್ಲಿ ತಿರುಗಿಸಿ ಎನ್ನುವಷ್ಟಾದರೂ ಕಿವಿಗೆ ಬಿದ್ದ ತಕ್ಷಣ ಅರ್ಥವಾಗಬೇಕು.

ಪ್ರಶ್ನೆಗಳ ಸ್ವಭಾವ ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮಲ್ಲಿ ನಾನು ಉತ್ತರಿಸಿದ್ದು ಚಿಹ್ನೆಗಳ ಬಗ್ಗೆ: ಇದು ಶಾಲೆ, ಇದು ಅಡ್ಡರಸ್ತೆ, ಇದು ಜಾರುವ ರಸ್ತೆ. ಇಲ್ಲಿ ಸಣ್ಣ ವಿಡಿಯೊ ತೋರಿಸಿ ಕೇಳುತ್ತಾರೆ. ಫುಟ್‌ಪಾತಿನ ಮೇಲೆ ಮಕ್ಕಳಿದ್ದಾರೆ, ನಿಂತ ಕಾರುಗಳ ಸಾಲಿದೆ, ಮುಂದೆ ಬಸ್ಸು ನಿಂತಿದೆ, ಈಗ ಏನಾಗಬಹುದು? ಆಗಿದ್ದರ ಬಗ್ಗೆ ಪ್ರಶ್ನೆಯಿಲ್ಲ. ಆಗಬಹುದಾದ್ದರ ಬಗ್ಗೆ ಪ್ರಶ್ನೆ. ಬಸ್ಸು ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ನಿಲ್ದಾಣದಲ್ಲಿ ನಿಂತಿದ್ದರೆ ಅದರ ಪಕ್ಕ ದಾಟುವಾಗ ನಡೆಯುವ ವೇಗದಲ್ಲಿ ದಾಟಬೇಕು, ಎದುರಿನಿಂದ ಬರುವವರೂ ಹಾಗೆಯೇ. ಯಾಕೆಂದರೆ ಬಸ್ಸಿನ ಮರೆಯಿಂದ ಯಾರೋ ಓಡಿ ಬರುತ್ತಾರೆ. ಓದುತ್ತಾ ಓದುತ್ತಾ ಗೊತ್ತಾಯಿತು, ಇವರು ಅಳೆಯುತ್ತಿರುವುದು ನನ್ನ ಕೈಚಳಕವನ್ನಲ್ಲ, ನನ್ನ ಕಣ್ಣು ಎಲ್ಲಿದೆ ಎನ್ನುವುದನ್ನು.

ಕಾರಿನ ಪಾಠ ಶುರುವಾಯಿತು. ಪರೀಕ್ಷೆಗೆ ಡ್ರೈವಿಂಗ್ ಶಾಲೆಯ ಕಾರು, ಪಕ್ಕದಲ್ಲಿ ಶಿಕ್ಷಕರು ಕಡ್ಡಾಯ. ಆದ್ದರಿಂದ ಕಡ್ಡಾಯ ಪಾಠ ಇಲ್ಲದಿದ್ದರೂ ಹತ್ತು ಹನ್ನೆರಡು ಪಾಠವನ್ನಾದರೂ ಎಲ್ಲರೂ ತೆಗೆದುಕೊಳ್ಳುತ್ತಾರೆ. ನನಗೆ ಎಲ್ಲ ಸೇರಿ ಒಂದು ತಿಂಗಳ ಮನೆ ಬಾಡಿಗೆಗಿಂತ ಹೆಚ್ಚೇ ಖರ್ಚಾಯಿತು. ನನ್ನ ಶಿಕ್ಷಕರು ಅರವತ್ತು ಸಮೀಪಿಸಿದ ಹೆಂಗಸು. ಮೊದಲ ದಿನ ಇಪ್ಪತ್ತು ನಿಮಿಷ ಸುಮ್ಮನೆ ಓಡಿಸಲು ಬಿಟ್ಟು, ಕಾರು ನಿಲ್ಲಿಸಲು ಹೇಳಿ, ಒಂದೇ ಮಾತು ಹೇಳಿದರು: "ನಿಮಗೆ ಕಾರು ಚೆನ್ನಾಗಿ ಬರುತ್ತದೆ. ಆದರೆ ನೀವು ಮುಂದೆ ಮಾತ್ರ ನೋಡುತ್ತೀರಿ."

ನಿಜವಾಗಿತ್ತು. ಬೆಂಗಳೂರಿನಲ್ಲಿ ಮುಂದಿನದು ನನ್ನ ಜವಾಬ್ದಾರಿ, ಹಿಂದಿನದು ಹಿಂದೆ ಬರುವವನದು. ಪಕ್ಕದಲ್ಲಿ ಯಾರಾದರೂ ಇದ್ದರೆ ಹಾರ್ನ್ ಮಾಡುತ್ತಾನೆ, ಕಿವಿ ಆ ಕೆಲಸ ಮಾಡುತ್ತದೆ. ಜರ್ಮನಿಯಲ್ಲಿ ಹಾರ್ನ್ ಮಾಡುವುದು ಅಪಾಯವಿದ್ದಾಗ, ಇಲ್ಲವೇ ಊರಿನ ಹೊರಗೆ ಓವರ್‌ಟೇಕ್ ಮಾಡುತ್ತೇನೆಂದು ತಿಳಿಸುವಾಗ ಮಾತ್ರ. ಹಾಗಾಗಿ ಕಿವಿಯ ಕೆಲಸವನ್ನೂ ಕಣ್ಣೇ ಮಾಡಬೇಕು. ಲೇನ್ ಬದಲಿಸುವ ಮುನ್ನ, ತಿರುಗುವ ಮುನ್ನ ಒಳಗನ್ನಡಿ, ಹೊರಗನ್ನಡಿ, ಆಮೇಲೆ ಭುಜದ ಮೇಲಿಂದ ಕತ್ತು ಹೊರಳಿಸಿ ಕನ್ನಡಿಗೆ ಕಾಣದ ಜಾಗವನ್ನು ನೋಡಬೇಕು. ಇದಕ್ಕೆ ಇಲ್ಲಿ ಶುಲ್ಟರ್‌ಬ್ಲಿಕ್ ಎನ್ನುತ್ತಾರೆ, ಭುಜನೋಟ. ಬಲಕ್ಕೆ ತಿರುಗುವಾಗ ಭುಜನೋಟ ತಪ್ಪಿದರೆ ಪರೀಕ್ಷೆ ತಪ್ಪಿದಂತೆ, ಏಕೆಂದರೆ ಅಲ್ಲಿ ಸೈಕಲ್ ಇರುತ್ತದೆ.

ಹಾರ್ನ್ ಬಗ್ಗೆ ನನ್ನದೊಂದು ಅಭಿಪ್ರಾಯವನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮವರು ಹಾರ್ನ್ ಮಾಡುವುದು ಒರಟುತನ ಎಂದು ವಿದೇಶದಲ್ಲಿ ಕೂತು ಹೇಳುವುದು ಸುಲಭ. ಶಿರಾಡಿಯ ತಿರುವಿನಲ್ಲಿ ಮಂಜು ಕವಿದಾಗ ಹಾರ್ನ್ ಮಾಡದವನೇ ಒರಟ. ಅಲ್ಲಿ ಅದು ಭಾಷೆ. ಹೈಬೀಮ್ ಮಿನುಗಿಸುವುದೂ ಭಾಷೆಯೇ. ನಮ್ಮ ಹೆದ್ದಾರಿಯಲ್ಲಿ ಎದುರಿನ ಲಾರಿ ಲೈಟ್ ಹೊಡೆದರೆ "ನಾನು ಬರ್ತಿದ್ದೀನಿ, ನೀನು ನಿಲ್ಲು" ಎಂದರ್ಥ. ಇಲ್ಲಿ ಇಕ್ಕಟ್ಟಿನ ಬೀದಿಯಲ್ಲಿ ಎದುರಿನವನು ಲೈಟ್ ಹೊಡೆದರೆ ಸಾಮಾನ್ಯವಾಗಿ "ನೀನು ಮೊದಲು ಬಾ" ಎಂದರ್ಥ. ಒಂದೇ ಸನ್ನೆ, ಎರಡು ವಿರುದ್ಧ ಅರ್ಥ. ಹೊಸದರಲ್ಲಿ ಒಂದು ಸಂಜೆ ಎಸ್ಲಿಂಗೆನ್‌ನ ಓಣಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಲೈಟ್ ಹೊಡೆಯುತ್ತಾ ಎಷ್ಟೋ ಹೊತ್ತು ನಿಂತಿದ್ದೆವು. ಅವನು ದಾರಿ ಕೊಡುತ್ತಿದ್ದ, ನಾನು ಅವನು ಬೆದರಿಸುತ್ತಿದ್ದಾನೆಂದುಕೊಂಡಿದ್ದೆ. ಲೈಸೆನ್ಸಿನ ಅನುವಾದವನ್ನು ನೂರು ಯೂರೊದೊಳಗೆ ಮಾಡಿಸಬಹುದು. ಈ ಅನುವಾದವನ್ನು ಮೈ ತಾನೇ ಮಾಡಿಕೊಳ್ಳಬೇಕು.

ನನ್ನನ್ನು ಅತಿ ಹೆಚ್ಚು ಯೋಚನೆಗೆ ಹಚ್ಚಿದ್ದು ಬೋರ್ಡಿಲ್ಲದ ನಾಲ್ಕು ರಸ್ತೆ ಕೂಡುವ ಜಾಗ. ವಸತಿ ಬೀದಿಗಳಲ್ಲಿ, 30 ಕಿಲೋಮೀಟರ್ ಮಿತಿಯ ವಲಯದಲ್ಲಿ ಇಂಥವು ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಸಿಗ್ನಲ್ ಇಲ್ಲ, ಬೋರ್ಡ್ ಇಲ್ಲ. ನಿಯಮ ಮೂರು ಪದದ್ದು, ರೆಖ್ಟ್ಸ್ ಫೋರ್ ಲಿಂಕ್ಸ್, ಎಡಕ್ಕಿಂತ ಬಲ ಮೊದಲು. ನಿಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಅವರ ರಸ್ತೆ ಚಿಕ್ಕದಿರಲಿ, ಅವರದು ಸೈಕಲ್ಲೇ ಇರಲಿ. ದೊಡ್ಡ ಗಾಡಿಗೆ ಮರ್ಯಾದೆ ಎಂಬುದೇ ಇಲ್ಲ. ಇದನ್ನು ಅಪ್ಪನಿಗೆ ಹೇಳಿದಾಗ "ಇದು ನಮ್ಮಲ್ಲೂ ಇತ್ತಲ್ಲೋ" ಎಂದರು. ನಂಬದೆ ಹುಡುಕಿ ನೋಡಿದೆ. ಹೌದು. 1989ರ ನಮ್ಮ ರಸ್ತೆ ನಿಯಮಗಳಲ್ಲೇ ಬರೆದಿತ್ತು: ಮುಖ್ಯರಸ್ತೆಯಲ್ಲದ ಕಡೆ ರಸ್ತೆಗಳು ಕೂಡುವಲ್ಲಿ ತನ್ನ ಬಲಗಡೆಯಿಂದ ಬರುವ ವಾಹನಗಳಿಗೆ ದಾರಿ ಬಿಡಬೇಕು. ಬೆಂಗಳೂರಿನ ಜಯನಗರದ ಅಡ್ಡರಸ್ತೆಗಳಲ್ಲಿ ಇಷ್ಟು ವರ್ಷ ಓಡಿಸಿದ ನನಗೆ ಆ ನಿಯಮ ಇದೆಯೆಂದೇ ಗೊತ್ತಿರಲಿಲ್ಲ. ಲೈಸೆನ್ಸ್ ಕೊಟ್ಟ ದಿನ ಯಾರೂ ಕೇಳಿರಲಿಲ್ಲ. ಗಾಡಿಯನ್ನು ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಓಡಿಸಿ ತೋರಿಸಿದ್ದೆ, ಮನೆಗೆ ಕಾರ್ಡು ಬಂದಿತ್ತು. ನಮ್ಮ ದೇಶ ಲೈಸೆನ್ಸ್ ಬದಲಾಯಿಸಿಕೊಡುವ ಆ ಪಟ್ಟಿಯಲ್ಲಿ ಯಾಕಿಲ್ಲ ಎಂಬ ನನ್ನ ಪ್ರಶ್ನೆಗೆ ಉತ್ತರ ನನ್ನ ಕಾರ್ಡೇ ಆಗಿತ್ತು.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದೇ ವರ್ಷ ಜರ್ಮನಿಯಲ್ಲಿ 2,788. ನಮ್ಮ ಜನಸಂಖ್ಯೆ ಅವರ ಹದಿನೇಳು ಪಟ್ಟು, ಸಾವು ಅರವತ್ತು ಪಟ್ಟು. ಇವರು ಹುಟ್ಟಿನಿಂದಲೇ ಶಿಸ್ತಿನವರು ಎಂದು ಇದಕ್ಕೆ ಕಾರಣ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 1970ರಲ್ಲಿ ಪಶ್ಚಿಮ ಜರ್ಮನಿಯೊಂದರಲ್ಲೇ 19 ಸಾವಿರಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತಿದ್ದರು. ಆಮೇಲೆ 1972ರಲ್ಲಿ ಊರಿನ ಹೊರಗಿನ ರಸ್ತೆಗಳಿಗೆ 100ರ ವೇಗಮಿತಿ ಬಂತು, 1973ರಲ್ಲಿ ಕುಡಿತಕ್ಕೆ ಮಿತಿ ಬಿಗಿಯಾಯಿತು, 1976ರಲ್ಲಿ ಸೀಟ್ ಬೆಲ್ಟ್ ಕಡ್ಡಾಯವಾಯಿತು, 1984ರಿಂದ ಹಾಕದವರಿಗೆ ದಂಡ ಬಿತ್ತು. ಒಂದೊಂದೇ ನಿಯಮ ತಂದು, ಹಿಡಿದು ಜಾರಿ ಮಾಡಿ, ಇಲ್ಲಿಗೆ ಬಂದರು. ಅಂದರೆ ಇದು ಕಲಿಯಬಹುದಾದದ್ದು. ಕುಡಿತದ ವಿಷಯದಲ್ಲಂತೂ ಕಾಗದದ ಮೇಲೆ ನಮ್ಮ ಕಾನೂನೇ ಬಿಗಿ: ನಮ್ಮಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಇಲ್ಲಿ ಅನುಭವಿ ಚಾಲಕರಿಗೆ 50.

ಮೊದಲ ರಸ್ತೆ ಪರೀಕ್ಷೆಯಲ್ಲಿ ನಾನು ಫೇಲಾದೆ. ಪರೀಕ್ಷಕರು ಹಿಂದಿನ ಸೀಟಿನಲ್ಲಿ, ಶಿಕ್ಷಕರು ಪಕ್ಕದಲ್ಲಿ. ಎಲ್ಲ ಸೇರಿ 55 ನಿಮಿಷದ ಪರೀಕ್ಷೆ. ಹನ್ನೆರಡನೆಯ ನಿಮಿಷಕ್ಕೆ ಹಸಿರು ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗಬೇಕಿತ್ತು. ಇಂಡಿಕೇಟರ್ ಹಾಕಿದೆ, ಕನ್ನಡಿ ನೋಡಿದೆ, ಎದುರಿನ ಪಾದಚಾರಿಗಳಿಗೆ ಕಾದೆ, ಅವರು ದಾಟಿದರು, ಕ್ಲಚ್ ಬಿಟ್ಟೆ. ಕಾರು ತಟ್ಟನೆ ನಿಂತಿತು. ಬ್ರೇಕ್ ಒತ್ತಿದ್ದು ನಾನಲ್ಲ, ಪಕ್ಕದ ಪೆಡಲಿನಿಂದ ಶಿಕ್ಷಕರು. ಬಂಪರಿನ ಮುಂದೆ ಒಂದು ಮಾರು ದೂರದಲ್ಲಿ ಸೈಕಲ್ಲೊಂದು ಹಾದುಹೋಯಿತು. ಹಿಂದೆ ಪುಟ್ಟ ಸೀಟಿನಲ್ಲಿ ಮಗು ಕೂತಿತ್ತು, ತಲೆಗೆ ಹಳದಿ ಹೆಲ್ಮೆಟ್. ಅದು ತಿರುಗಿ ನನ್ನನ್ನು ನೋಡಿತು. ಶಿಕ್ಷಕರು ಬ್ರೇಕ್ ಮುಟ್ಟಿದರೆ ಪರೀಕ್ಷೆ ಅಲ್ಲಿಗೆ ಮುಗಿಯುತ್ತದೆ. ಯಾರೂ ಬೈಯಲಿಲ್ಲ. ಪರೀಕ್ಷಕರು ಬರೆದುಕೊಂಡರು, ಎರಡು ವಾರ ಬಿಟ್ಟು ಮತ್ತೆ ಬನ್ನಿ ಎಂದರು.

ಆ ಹಳದಿ ಹೆಲ್ಮೆಟ್ ಈಗಲೂ ಪ್ರತಿ ಬಲತಿರುವಿನಲ್ಲಿ ಕಣ್ಣ ಮುಂದೆ ಬರುತ್ತದೆ. ನನ್ನ ಹಳೆಯ ಲೈಸೆನ್ಸಿನಲ್ಲೇ ಆ ಆರು ತಿಂಗಳು ಕಾನೂನುಬದ್ಧವಾಗಿ ಓಡಿಸಿದ್ದೆನಲ್ಲ, ಆಗ ಎಷ್ಟು ಸಲ ಹೀಗೇ ತಿರುಗಿದ್ದೆನೋ! ಪಕ್ಕದಲ್ಲಿ ಎರಡನೆಯ ಬ್ರೇಕ್ ಇರಲಿಲ್ಲ. ನೆಂಟರಿಗೆ ಪರೀಕ್ಷೆಯೇ ಇಲ್ಲ, ಒಕ್ಕಲಿನವರಿಗೆ ಆರು ತಿಂಗಳು ರಿಯಾಯಿತಿ. ವ್ಯವಸ್ಥೆಯಲ್ಲಿ ಇರುವ ದುರ್ಬಲ ಜಾಗ ಇದೇ ಎಂದು ನನಗನಿಸುತ್ತದೆ. ಏನೂ ಗೊತ್ತಿಲ್ಲದ ಮೊದಲ ದಿನವೇ ಪೂರ್ತಿ ಸ್ವಾತಂತ್ರ್ಯ. ಕಾನೂನು ಕೈಬಿಟ್ಟ ಆ ಜಾಗವನ್ನು ಓಡಿಸುವವರ ಎಚ್ಚರವೇ ತುಂಬಬೇಕು.

ಒಂದು ಪಾಠದ ದಿನ ಸ್ಟುಟ್‌ಗಾರ್ಟಿನಿಂದ ಮ್ಯೂನಿಕ್‌ಗೆ ಹೋಗುವ ಎ8 ಆಟೊಬಾನ್‌ನಲ್ಲಿದ್ದೆವು. ಜನ ಆಟೊಬಾನ್ ಎಂದರೆ ವೇಗ ಎಂದುಕೊಳ್ಳುತ್ತಾರೆ. ಮಿತಿಯಿಲ್ಲದ ಕಡೆಗಳಲ್ಲೂ 130 ಕಿಲೋಮೀಟರ್ ಎಂಬ ಸಲಹೆಯ ವೇಗ 1978ರಿಂದ ಇದೆ. ನನಗೆ ಆಟೊಬಾನ್ ನೆನಪಿರುವುದು ನಿಂತದ್ದಕ್ಕೆ. ಮುಂದೆಲ್ಲೋ ಅಪಘಾತವಾಗಿ ಮೂರು ಲೇನಿನ ಗಾಡಿಗಳೂ ನಿಧಾನವಾದವು. ಇನ್ನೂ ಸೈರನ್ ಕೇಳಿರಲಿಲ್ಲ. ಎಡತುದಿಯ ಲೇನಿನವರೆಲ್ಲ ಎಡಕ್ಕೆ ಸರಿದರು, ಉಳಿದ ಎರಡು ಲೇನಿನವರು ಬಲಕ್ಕೆ ಸರಿದರು. ಲಾರಿಗಳೂ ಸರಿದವು. ನಡುವೆ ಉದ್ದಕ್ಕೂ ಒಂದು ದಾರಿ ತೆರೆದುಕೊಂಡಿತು. ಮೂರು ನಿಮಿಷ ಬಿಟ್ಟು ಆಂಬುಲೆನ್ಸ್ ಬಂತು, ಹಿಂದೆ ಅಗ್ನಿಶಾಮಕ ವಾಹನ; ಎಲ್ಲೂ ಬ್ರೇಕ್ ಒತ್ತದೆ ಹಾದುಹೋದವು. ಇದಕ್ಕೆ ರೆಟ್ಟುಂಗ್ಸ್‌ಗಾಸೆ ಎನ್ನುತ್ತಾರೆ, ಜೀವ ಉಳಿಸುವ ಓಣಿ. ಮಾಡದಿದ್ದವರಿಗೆ 200 ಯೂರೊ ದಂಡ, ಚಾಲಕರ ದಾಖಲೆಯಲ್ಲಿ ಎರಡು ಪಾಯಿಂಟ್, ಒಂದು ತಿಂಗಳು ಲೈಸೆನ್ಸ್ ಇಲ್ಲ.

ಬೆಂಗಳೂರಿನಲ್ಲಿ ಆಂಬುಲೆನ್ಸಿಗೆ ದಾರಿ ಕೊಡಲು ಜನ ಪಡುವ ಪಾಡನ್ನು ನಾನು ನೋಡಿದ್ದೇನೆ. ಆಟೊದವರು ಫುಟ್‌ಪಾತ್ ಹತ್ತಿಸುತ್ತಾರೆ, ಬೈಕಿನವರು ಇಳಿದು ಕೈ ಬೀಸುತ್ತಾರೆ, ಯಾರೋ ಓಡಿಹೋಗಿ ಮುಂದಿನ ಕಾರಿನ ಗಾಜು ಬಡಿಯುತ್ತಾರೆ. ನಮ್ಮಲ್ಲಿ ಕೊರತೆಯಿರುವುದು ಮನಸ್ಸಿಗಲ್ಲ. ಯಾವ ಕಡೆ ಸರಿಯಬೇಕು ಎಂದು ಎಲ್ಲರಿಗೂ ಒಂದೇ ಥರ ಹೇಳಿಕೊಟ್ಟಿಲ್ಲ, ಹಾಗಾಗಿ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಸರಿದು ನಡುವೆ ಗಂಟು ಬೀಳುತ್ತದೆ. 2019ರ ತಿದ್ದುಪಡಿಯಲ್ಲಿ ದಾರಿ ಕೊಡದವರಿಗೆ 10,000 ರೂಪಾಯಿ ದಂಡ ಇಟ್ಟಿದ್ದಾರೆ. ಅದಕ್ಕಿಂತ ಲೈಸೆನ್ಸ್ ಪರೀಕ್ಷೆಯಲ್ಲಿ ಈ ಒಂದು ಪ್ರಶ್ನೆ ಇಟ್ಟು, ರಸ್ತೆಯಲ್ಲಿ ಮಾಡಿ ತೋರಿಸಿದರೆ ಎಷ್ಟು ಜೀವ ಉಳಿದಾವು!

ಬೇರೆ ದೇಶಗಳಲ್ಲಿ ಗಡುವು ಬೇರೆ, ತತ್ವ ಒಂದೇ. ಬ್ರಿಟನ್ನಿನಲ್ಲಿ ನೆಲೆಸಿದವರಿಗೆ 12 ತಿಂಗಳು. ಎಡಬದಿಯ ಸಂಚಾರವಾದ್ದರಿಂದ ನಮ್ಮವರಿಗೆ ಕೈ ಬೇಗ ಹೊಂದುತ್ತದೆ, ಆಮೇಲೆ ಅಲ್ಲೂ ಎರಡೂ ಪರೀಕ್ಷೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾಕ್ಕೆ ಮಗಳ ಬಾಣಂತನಕ್ಕೆ ಹೋದ ಅಪ್ಪ ಅಮ್ಮ ಊರಿನ ಲೈಸೆನ್ಸಿನಲ್ಲೇ ಓಡಿಸಬಹುದು, ಕೆಲಸಕ್ಕೆಂದು ಹೋಗಿ ನೆಲೆಸಿದ ಅಳಿಯ 10 ದಿನದೊಳಗೆ ಅಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಯುಎಇಯಲ್ಲಿ ವಿಸಿಟ್ ವೀಸಾದವರಿಗೆ ಐಡಿಪಿ ನಡೆಯುತ್ತದೆ, ರೆಸಿಡೆನ್ಸ್ ವೀಸಾ ಬಂದ ಮೇಲೆ ಸಾಮಾನ್ಯವಾಗಿ ಅಲ್ಲಿನ ಶಾಲೆಯಲ್ಲಿ ಕಲಿತು ಪರೀಕ್ಷೆ ದಾಟಬೇಕು. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಲ್ಲಿ "ಅವನಿಗೆ ಲೈಸೆನ್ಸ್ ಆಯ್ತಂತೆ" ಎಂಬ ಫೋನು ಮದುವೆ ಗೊತ್ತಾದಷ್ಟೇ ಸಂಭ್ರಮದ್ದು. ಆ ಕಾರ್ಡಿನಿಂದ ಸಿಗುವ ಕೆಲಸವೇ ಬೇರೆ, ಸಂಬಳವೇ ಬೇರೆ.

ಅಪ್ಪನ ಕಥೆಗೆ ಮರಳುತ್ತೇನೆ. ಅವರು ಕೀ ಕೇಳಿದ ದಿನವೇ ನಾನು ಕೊಡಲಿಲ್ಲ. ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ ಅವರ ಹೆಸರು ಸೇರಿಸಿದೆ. ಇಲ್ಲಿನ ಎಷ್ಟೋ ಪಾಲಿಸಿಗಳಲ್ಲಿ ಯಾರು ಯಾರು ಓಡಿಸುತ್ತಾರೆ ಎಂದು ಮೊದಲೇ ಬರೆಸಿರಬೇಕು. ಎರಡು ವಾರ ಅಪ್ಪ ಇಲ್ಲಿನ ಲೈಸೆನ್ಸ್ ಇದ್ದವರ ಪಕ್ಕದ ಸೀಟಿನಲ್ಲಿ ಕೂತು ರಸ್ತೆ ನೋಡಿದರು. ಮೂರನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ, ಇಲ್ಲಿ ಹತ್ತು ವರ್ಷದಿಂದ ಇರುವ ದಾವಣಗೆರೆಯ ಸ್ನೇಹಿತರೊಬ್ಬರು ನಮ್ಮ ಕಾರನ್ನು ಶ್ವೇಬಿಶೆ ಆಲ್ಬ್ ಗುಡ್ಡಗಳ ಒಂದು ಹಳ್ಳಿಯವರೆಗೆ ಓಡಿಸಿಕೊಂಡು ಬಂದು, ಕೀಯನ್ನು ಅಪ್ಪನ ಕೈಗಿಟ್ಟರು.

ಅಪ್ಪ ಸೀಟನ್ನು ಸರಿಮಾಡಿಕೊಂಡರು, ಕನ್ನಡಿ ತಿರುಗಿಸಿಕೊಂಡರು. ಎಡಗೈ ಗೇರಿಗೆ ಹೋಗಿ ಬಾಗಿಲಿಗೆ ತಾಗಿತು. ಇಂಡಿಕೇಟರಿಗೆಂದು ಎಳೆದದ್ದು ವೈಪರ್, ಒಣಗಾಜಿನ ಮೇಲೆ ಕಿರ್ರೆಂದಿತು. ಅದೆರಡನ್ನು ಬಿಟ್ಟರೆ ಚೆನ್ನಾಗಿಯೇ ಓಡಿಸಿದರು. ಹಳ್ಳಿಯ ನಡುವೆ ಬೋರ್ಡಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಒಂದು ಟ್ರ್ಯಾಕ್ಟರ್ ಬರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ನಿಲ್ಲಿಸಿದರು. "ತೋಟದ ದಾರೀಲಿ ಮೇಲೆ ಹತ್ತೋನಿಗೆ ಬಿಡ್ತೀವಲ್ಲ, ಇದೂ ಹಂಗೇ" ಎಂದರು. ಟ್ರ್ಯಾಕ್ಟರಿನವನು ಕೈ ಎತ್ತಿ ಹೋದ.

ಊರು ದಾಟಿ ಎಡಕ್ಕೆ ತಿರುಗಿದೆವು. ಎರಡೂ ಕಡೆ ಗೋಧಿ ಹೊಲ, ರಸ್ತೆ ಖಾಲಿ. ತಿರುಗಿದ ಕಾರು ಸದ್ದಿಲ್ಲದೆ ಎಡಬದಿಗೇ ಹೋಗಿ ಸೇರಿಕೊಂಡು ಓಡತೊಡಗಿತು. ನನಗೂ ಒಂದು ಗಳಿಗೆ ಏನೂ ತಪ್ಪೆನಿಸಲಿಲ್ಲ, ಕಣ್ಣಿಗೆ ಅದು ಅಷ್ಟು ಸರಿಯಾಗಿ ಕಂಡಿತು. ಹಿಂದಿನಿಂದ ಸ್ನೇಹಿತರು "ಬಲಕ್ಕೆ, ಸಾರ್, ಬಲಕ್ಕೆ!" ಎಂದು ಕೂಗಿದರು. ಅಪ್ಪ ಬಲಕ್ಕೆ ತಂದು, ಮುಂದೆ ಹೊಲಕ್ಕೆ ಇಳಿಯುವ ದಾರಿಯಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿದರು. ಟ್ರಾಫಿಕ್ ಇದ್ದಾಗ ಮುಂದಿನ ಗಾಡಿ ದಾರಿ ತೋರಿಸುತ್ತದೆ. ಖಾಲಿ ರಸ್ತೆಯಲ್ಲಿ, ಬೆಳಗಿನ ಜಾವದಲ್ಲಿ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ ಮೈ ತನಗೆ ಗೊತ್ತಿದ್ದ ಕಡೆಗೇ ಹೋಗುತ್ತದೆ. ಭಯ ಬೇಕಾದದ್ದು ಅಲ್ಲಿ.

"ಸಾಕು ಮಗಾ. ಕೈಗೆ ಗೊತ್ತಿರೋದು ಇಲ್ಲಿ ತಪ್ಪು," ಎಂದು ಅಪ್ಪ ಇಳಿದು ಹಿಂದಿನ ಸೀಟಿಗೆ ಹೋದರು. ಉಳಿದ ಎರಡು ತಿಂಗಳೂ ಮತ್ತೆ ಕೀ ಕೇಳಲಿಲ್ಲ. ಅವರ ಐಡಿಪಿಗೆ ಇನ್ನೂ ಹತ್ತು ತಿಂಗಳ ಅವಧಿ ಬಾಕಿಯಿತ್ತು.

ಎರಡನೆಯ ಸಲ ನಾನು ಪಾಸಾದೆ. ಪರೀಕ್ಷೆಯ ಕೊನೆಯಲ್ಲಿ ಕೈಗೆ ಹೊಸ ಕಾರ್ಡು ಬರುವಾಗ ಹಳೆಯದನ್ನು ಒಪ್ಪಿಸಬೇಕು, ಅದು ನಿಯಮ. ಅಂಚು ಸವೆದ, ಹದಿಮೂರು ವರ್ಷದ ಹಿಂದಿನ ನನ್ನ ಫೋಟೊ ಇದ್ದ ಕರ್ನಾಟಕದ ಕಾರ್ಡನ್ನು ಅಲ್ಲಿ ಬಿಟ್ಟುಬಂದೆ. ಈಗ ಸಕಲೇಶಪುರಕ್ಕೆ ಹೋದಾಗ ದೋಣಿಗಲ್ ಕಡೆ ಕಾರು ಓಡಿಸಬೇಕೆಂದರೆ ನಾನು ಜರ್ಮನಿಯಿಂದ ಐಡಿಪಿ ಮಾಡಿಸಿಕೊಂಡು ಹೋಗಬೇಕು. ಊರಿನ ರಸ್ತೆಗೆ ಈಗ ನೆಂಟರ ಸಾಲಿನಲ್ಲಿರುವುದು ನಾನು.

ಹೊರಡಲು ಸೂಟ್‌ಕೇಸ್ ಕಟ್ಟುತ್ತಿರುವವರೇ, ನಿಮ್ಮಲ್ಲಿ ಒಂದು ಕೋರಿಕೆ. ಲೈಸೆನ್ಸ್ ಇಲ್ಲದಿದ್ದರೆ ಹೊರಡುವ ಮೊದಲು ಊರಿನಲ್ಲೇ ಮಾಡಿಸಿ, ಇದ್ದರೆ ಐಡಿಪಿ ಮಾಡಿಸಿ. ಹೋದ ದೇಶದ ನಗರ ಕಚೇರಿಯಲ್ಲಿ ವಿಳಾಸ ಬರೆಸಿದ ದಿನವೇ ಗಡುವಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಮೊದಲ ತಿಂಗಳಲ್ಲೇ ಪರೀಕ್ಷೆಗೆ ಅರ್ಜಿ ಕೊಡಿ. ನನ್ನಂತೆ ನಾಲ್ಕು ತಿಂಗಳು ಮುಂದೂಡಬೇಡಿ. ತಂದೆ ತಾಯಿಯನ್ನು ಕರೆಸಿಕೊಂಡಾಗ ಕಾನೂನು ಒಪ್ಪುತ್ತದೆ ಎಂಬ ಒಂದೇ ಕಾರಣಕ್ಕೆ ಅವರ ಕೈಗೆ ಸ್ಟಿಯರಿಂಗ್ ಕೊಡಬೇಡಿ. ಗಡುವು ಮುಗಿದ ಮೇಲೆ, ಆಸ್ಪತ್ರೆಗೇ ಹೋಗುವುದಿರಲಿ, ಟ್ಯಾಕ್ಸಿ ಕರೆಸಿ. ಕೀ ಮೊಳೆಯಲ್ಲೇ ಇರಲಿ.